ಅಜ್ಜ ಕಾರಿಗೆ ಗೊಟ್ಟ ಹಾಕಿದ್ದು

ನೀವು ಇದನ್ನು ನಂಬುವುದಿಲ್ಲ. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಒಂದೇ ಬೆಂಚಿಗೆ ಕೂರುವ ಗೆಳತಿಯರೇ ನಂಬಲಿಲ್ಲ, ಇನ್ನು ನೀವು ಯಾವ ಲೆಕ್ಕ. ನಾನು ಹೇಳುವುದರಲ್ಲಿ ನಾಲ್ಕಾಣೆ ಉಪ್ಪು ಖಾರ ಇರುತ್ತದೆ ಎಂದು ಊರಿಗೆಲ್ಲ ಗೊತ್ತು. ಆದರೆ ಈ ಸಂಗತಿಯಲ್ಲಿ ನಂಬಲಾಗದ ಭಾಗಗಳೇ ನಿಜವಾದವು. ನಂಬುವಂತಿರುವ ಭಾಗಗಳು ಬಂದಾಗ ಮಾತ್ರ ಸ್ವಲ್ಪ ಹುಷಾರಾಗಿರಿ.

ನಮ್ಮೂರು ಮುರಗೋಡದ ಹತ್ತಿರ. ನಮ್ಮಜ್ಜ ಒಂದು ಕಾಲಕ್ಕೆ ಹತ್ತಿ ವ್ಯಾಪಾರ ಮಾಡುತ್ತಿದ್ದ. ಆ ಹತ್ತಿಯಿಂದ ನಮಗೆ ಉಳಿದದ್ದು ಎರಡು: ಮನೆಯ ಪಕ್ಕದ ದೊಡ್ಡ ಗೋದಾಮು, ಗೋದಾಮಿನ ಒಳಗೆ ಒಂದು ಕಾರು. ಕಾರು ಅಂದರೆ ಈಗಿನ ಸಾಬೂನು ಪೆಟ್ಟಿಗೆಯಂಥದ್ದಲ್ಲ. ಗುಂಡು ಮೂತಿ, ಉಬ್ಬಿದ ಬೆನ್ನು, ಮೇಲೆ ಬಿಳಿ, ಕೆಳಗೆ ಕೆಂಪು. ದೂರದಿಂದ ನೋಡಿದರೆ ಮದುವೆಗೆ ಹೊರಟ ಸಾಹುಕಾರನೊಬ್ಬ ಊಟ ಮಾಡಿ ಕೂತಂತೆ ಕಾಣುತ್ತದೆ. ಅಜ್ಜನಿಗೆ ಕಾರು ಹೊಡೆಯಲು ಬರುವುದಿಲ್ಲ. ಡ್ರೈವರ್ ಇದ್ದ. ಅವನು ಮುಂದೆ, ಅಜ್ಜ ಹಿಂದೆ. ಊರಿನ ಎಷ್ಟೋ ಹೆಂಗಸರು ಹೆರಿಗೆಗೆ ಬೈಲಹೊಂಗಲಕ್ಕೆ ಹೋದದ್ದು ಅದೇ ಕಾರಿನಲ್ಲಿ. ಇವತ್ತಿಗೂ ಮೀಸೆ ಬಂದ ಗಂಡಸರು ಅಜ್ಜನಿಗೆ ನಮಸ್ಕಾರ ಮಾಡಿ, ‘ನಾ ಹುಟ್ಟೂದು ನಿಮ್ಮ ಗಾಡ್ಯಾಗ ಸ್ವಲ್ಪದಾಗ ತಪ್ಪಿತ್ರಿ’ ಅನ್ನುತ್ತಾರೆ.

ಆ ಡ್ರೈವರ್ ವಯಸ್ಸಾಗಿ ಮಗಳ ಊರಿಗೆ ಹೋದ. ಅವತ್ತಿನಿಂದ ಕಾರು ಗೋದಾಮು ಬಿಟ್ಟು ಹೊರಗೆ ಬಂದಿಲ್ಲ. ಅಂದರೆ ನಾನು ಹುಟ್ಟುವ ಮೊದಲಿನ ಮಾತು. ಆದರೆ ಅಜ್ಜ ಅದನ್ನು ಇಟ್ಟ ರೀತಿ ಇದೆಯಲ್ಲ, ನನ್ನನ್ನು ಯಾರೂ ಹಾಗೆ ಇಟ್ಟಿಲ್ಲ. ಚಕ್ರ ನೆಲಕ್ಕೆ ತಾಗದಂತೆ ಕೆಳಗೆ ಮರದ ದಿಮ್ಮಿ. ಮೈಮೇಲೆ ಹಳೇ ಸೀರೆಗಳ ಕೌದಿ. ಆ ಕೌದಿಯನ್ನು ಅಳತೆ ತೆಗೆದು ಹೊಲಿಸಿದ್ದು. ಎರಡು ಕನ್ನಡಿಗೆ ಎರಡು ಕಿವಿ ಬೇರೆ. ಅಮಾವಾಸ್ಯೆಗೊಮ್ಮೆ ಕೌದಿ ತೆಗೆದು, ಮೈ ಒರೆಸಿ, ಬಾನೆಟ್ಟಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಅಜ್ಜ ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕೂತು ಇಳಿಯುತ್ತಿದ್ದ. ಎಲ್ಲಿಗೆ ಹೋಗಿ ಬಂದೆ ಅಂತ ನಾನು ಕೇಳಿದರೆ ಒಮ್ಮೆ ಕಿತ್ತೂರು ಅನ್ನುತ್ತಿದ್ದ, ಒಮ್ಮೆ ಸವದತ್ತಿ.

ಇದಕ್ಕೆ ಕೊಕ್ಕೆ ಹಾಕಿದ್ದು ನಮ್ಮವ್ವ.

ಅವ್ವ ಹತ್ತು ಜನ ಹೆಂಗಸರನ್ನು ಕಟ್ಟಿಕೊಂಡು ಜೋಳದ ಕಡಕ್ ರೊಟ್ಟಿ ಮಾಡಿಸುತ್ತಾಳೆ. ಬೇಸಿಗೆಯಲ್ಲಿ ಪಡಸಾಲೆಯ ತುಂಬ ರೊಟ್ಟಿ, ಅಟ್ಟದ ತುಂಬ ರೊಟ್ಟಿ. ನನ್ನ ಹಾಸಿಗೆಯ ಮೇಲೂ ರೊಟ್ಟಿ ಮಲಗಿದ್ದು, ನಾನು ಚಾಪೆಯ ಮೇಲೆ ಮಲಗಿದ್ದುಂಟು. ಮಳೆ ಶುರುವಾದರೆ ಮಾತ್ರ ರೊಟ್ಟಿ ಮೆತ್ತಗಾಗುತ್ತದೆ. ಹೋದ ವರ್ಷ ಎರಡು ಮೂಟೆ ದನಕ್ಕೆ ಹೋಯಿತು. ಆದ್ದರಿಂದ ಅವ್ವನ ಕಣ್ಣು ಗೋದಾಮಿನ ಮೇಲೆ ಬಿತ್ತು. ಅವ್ವ ಸಿಟ್ಟು ಬಂದಾಗ ದನಿ ಏರಿಸುವುದಿಲ್ಲ, ಇಳಿಸುತ್ತಾಳೆ. ಅವತ್ತು ಅಜ್ಜನ ತಾಟಿಗೆ ರೊಟ್ಟಿ ಹಾಕುತ್ತ ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ ನಾನು ಅಗಿಯುವುದನ್ನು ನಿಲ್ಲಿಸಿ ಕೇಳಬೇಕಾಯಿತು.

‘ಮಾಂವಾರ, ಮಳಿ ಬಂತು. ನಮ್ಮ ರೊಟ್ಟಿಗೆ ಜಾಗ ಇಲ್ಲ, ಗಾಡಿಗೆ ಬಂಗಲೆ ಐತಿ.’

‘ಪಾಪ, ಅದು ನಿಂತಲ್ಲೇ ನಿಂತೈತೆವ್ವಾ. ಯಾರಿಗಿ ಏನ್ ಅಂತೈತಿ?’

‘ಅದ ನಂದೂ ತಕರಾರು. ನಿಂತಲ್ಲೇ ನಿಂತೈತಿ.’ ಅವ್ವ ಪಲ್ಯ ಬಡಿಸಿದಳು. ‘ಕಾರ ಹುಣ್ಣಿವಿ ದಿನ ಎತ್ತು ತಮ್ಮ ಕಾಲಿಲೆ ತಾವ ಹೊರಗ ಬರ್ತಾವಲ್ರಿ. ಅವತ್ತ ಇದೂ ಯಾರೂ ನೂಕದ ತಾನ ಹೊರಗ ಬಂದ್ರ ಅಂಗಳದಾಗ ಇರಲಿ, ನಾ ಅದರ ಸುದ್ದಿಗೆ ಬರಂಗಿಲ್ಲ. ಬರಲಿಲ್ಲ ಅಂದ್ರ ಮರುದಿನ ಬೈಲಹೊಂಗಲದಿಂದ ಮೋಡಕಾದವ ಬರ್ತಾನ. ಹೇಳಿ ಬಂದೇನಿ.’

ಮೋಡಕಾದವ ಅಂದರೆ ಹಳೇ ಕಬ್ಬಿಣ ಒಯ್ಯುವವನು. ಅವ್ವ ಎರಡನೇ ರೊಟ್ಟಿ ಹಾಕಲು ಹೋದರೆ ಅಜ್ಜ ಕೈ ಅಡ್ಡ ಹಿಡಿದ. ನಮ್ಮಪ್ಪ ಸವದತ್ತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ; ಮನೆಯಲ್ಲಿ ಅವನದು ತಲೆ ಆಡಿಸುವ ಖಾತೆ. ಅಜ್ಜನ ಕಡೆ ನೋಡಿ ಒಮ್ಮೆ ಆಡಿಸಿದ, ಅವ್ವನ ಕಡೆ ನೋಡಿ ಒಮ್ಮೆ. ಮರುದಿನವೂ ಅಜ್ಜ ಒಂದೇ ರೊಟ್ಟಿ ತಿಂದ. ಅದರ ಮರುದಿನವೂ ಅಷ್ಟೇ. ಜೀವನದಲ್ಲಿ ಮೂರು ರೊಟ್ಟಿಗೆ ಕಡಿಮೆ ತಿನ್ನದ ಮನುಷ್ಯ.

ಆಗ ನಾನು ಹೇಳಿದೆ: ‘ಅಜ್ಜಾ, ಚಿಂತಿ ಬಿಡು. ಗಾಡಿ ನಾ ಚಾಲೂ ಮಾಡ್ತೇನಿ.’

‘ನಿನಗ ಏನ್ ಗೊತ್ತೈತಿ ಗಾಡೀದು?’

‘ಟ್ರ್ಯಾಕ್ಟರ್ ಹೊಡದೇನಿ.’

ಹೊಡೆದದ್ದು ಹೌದು. ಟ್ರ್ಯಾಕ್ಟರ್ ನಿಂತಿತ್ತು, ಅದು ಬೇರೆ ಮಾತು.

ನಾನು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಕಿತ್ತೂರಿನಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದ್ದು. ಹೆದ್ದಾರಿಯ ಮಗ್ಗುಲಲ್ಲಿ ನಲವತ್ತು ವರ್ಷ ಲಾರಿ ರಿಪೇರಿ ಮಾಡಿ ಈಗ ಸುಮ್ಮನೆ ಕೂತವನು. ಎಂ.ಕೆ. ಹುಬ್ಬಳ್ಳಿಗೆ ಕಬ್ಬು ಹೊತ್ತು ಹೊರಟ ಲಾರಿಯ ಸಪ್ಪಳವನ್ನು ಚಹಾ ಕುಡಿಯುತ್ತ ಕೇಳಿ, ‘ಇದು ಮುಂದಿನ ದಿನ್ನಿ ಏರಂಗಿಲ್ಲ’ ಅಂತ ಹೇಳುವವನು. ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಡಾಕ್ಟರರಂತೆ ಕಣ್ಣು ಮುಚ್ಚುತ್ತಾನೆ. ಬಂದವನು ಕೌದಿ ತೆಗೆಸಿ, ಕಾರಿನ ಸುತ್ತ ಎರಡು ಸುತ್ತು ಹಾಕಿ, ‘ಹೆಣ್ಣ ನೋಡಾಕ ಬಂದಂಗಾತು ನೋಡ್ರಿ’ ಅಂದ. ಒಂದು ಗೀರಿಲ್ಲ, ಒಂದು ತುಕ್ಕಿನ ಚುಕ್ಕೆ ಇಲ್ಲ. ಅಜ್ಜ ಹುಡುಗಿಯ ಅಪ್ಪನಂತೆ ವಿನಯದಿಂದ ನಿಂತಿದ್ದ.

ಮಿಸ್ತ್ರಿ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುವಿದ. ಅದು ಜಪ್ಪಯ್ಯ ಅನ್ನಲಿಲ್ಲ. ನೇತಾಡಿದ. ಅವನ ಕಾಲು ನೆಲ ಬಿಟ್ಟವು, ಹ್ಯಾಂಡಲ್ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಇಂಜಿನ್ನಿನ ತಲೆಯ ಮೇಲಿನ ಒಂದು ಪ್ಲಗ್ ಬಿಚ್ಚಿದ. ಪ್ಲಗ್ಗಿನ ತುದಿಗೆ ಜೇನಿನ ಬಣ್ಣದ, ಅಂಟಿನಂಥ ಏನೋ ಹಿಡಿದಿತ್ತು. ಮೂಸಿದ. ನನಗೆ ಮೂಸಿಸಿದ. ನಾಲಿಗೆಯ ತುದಿಗೆ ಹಚ್ಚಿ ಬಹಳ ಹೊತ್ತು ಮೇಲೆ ನೋಡಿದ.

‘ಅಜ್ಜಾರ, ಇದರಾಗ ಕುಸುಬಿ ಎಣ್ಣಿ ಹೆಂಗ ಬಂತ್ರಿ?’

‘ಗೊಟ್ಟ ಹಾಕೇನಿ,’ ಅಂದ ಅಜ್ಜ.

ಗೊಟ್ಟ ಅಂದರೆ ಬಿದಿರಿನ ನಳಿಕೆ. ಕಾರ ಹುಣ್ಣಿಮೆಗೆ ಎತ್ತಿನ ಬಾಯಿ ಎತ್ತಿ ಹಿಡಿದು ಅದರಿಂದ ಎಣ್ಣೆ, ಔಷಧಿ ಕುಡಿಸುತ್ತಾರೆ. ವರ್ಷವಿಡೀ ದುಡಿದ ಮೈಗೆ ಬಲ ಬರಲಿ ಅಂತ. ಎತ್ತಿಗೆ. ಕಾರಿಗೆ ಹಾಕಿದ್ದನ್ನು ಮಿಸ್ತ್ರಿ ತನ್ನ ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ.

‘ಎಷ್ಟು ಸಲ ಹಾಕಿದ್ರಿ?’

‘ವರ್ಷಕ್ಕೊಮ್ಮೆ. ಎತ್ತಿಗಿ ಹಾಕಿ ಇದಕ್ಕ ಬಿಟ್ರ ಹೆಂಗ? ಹತ್ತೊಂಬತ್ತ ಹುಣ್ಣಿವಿ ಆತು.’

‘ಎಲ್ಲಿ ಹಾಕಿದ್ರಿ ಅಂತೇನಿ.’

‘ನಾಕ ಬಾಯಿ ಅದಾವಲ್ಲೋ ತಮ್ಮಾ. ಒಂದೊಂದಕ್ಕ ಒಂದೊಂದು ಗೊಟ್ಟ. ಭೇದ ಮಾಡಿಲ್ಲ.’

‘ಬರೇ ಎಣ್ಣೀನ?’

‘ಬರೇ ಎಣ್ಣಿ ಯಾರ ಕುಡಿಸ್ತಾರ? ಅರಿಷಿಣ, ಅಜವಾನ ಕೂಡಿಸಿದ್ದೆ. ಹೊಟ್ಟಿ ಹಗುರ ಇರ್ಲಿ ಅಂತ.’

ಆಮೇಲೆ ತಿಳಿಯಿತು: ಊರು ಬಿಡುವಾಗ ಆ ಡ್ರೈವರೇ ಪ್ಲಗ್ ಬಿಚ್ಚುವುದನ್ನು ಕಲಿಸಿ, ‘ಆಗಾಗ ಒಂದು ಚಮಚೆ ಎಣ್ಣಿ ಬಿಡ್ರಿ, ಒಳಗ ತುಕ್ಕ ಹಿಡಿಯಂಗಿಲ್ಲ’ ಅಂದಿದ್ದನಂತೆ. ಯಾವ ಎಣ್ಣೆ ಅಂತ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಚಮಚೆ ಮಾತ್ರ ಅಜ್ಜನಿಗೆ ಜಿಪುಣತನ ಅನ್ನಿಸಿತ್ತು.

ಮಿಸ್ತ್ರಿ ಮಗ್ಗುಲಲ್ಲಿ ಉಳಿದಿದ್ದ ಹಳೇ ಹತ್ತಿಯ ಅಂಡಿಗೆಯ, ಅಂದರೆ ಮೂಟೆಯ ಮೇಲೆ ಕೂತುಬಿಟ್ಟ. ‘ಇದು ಇಂಜಿನ್ ಅಲ್ರಿ ಅಜ್ಜಾರ. ಇದು ಬುಟ್ಟಿ ಬಜಿ ಕರದು ತಣ್ಣಗಾದ ಬೋಗಣಿ.’

‘ಚಾಲೂ ಆಗಂಗಿಲ್ಲನು?’ ಅಜ್ಜನ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನೂ ಒಂದು ನಿಮಿಷ ಜಂಬ ಮರೆತೆ.

ಮಿಸ್ತ್ರಿ ಪ್ಲಗ್ಗನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ. ‘ತುಕ್ಕಂತೂ ಹಿಡದಿಲ್ಲ. ಎಣ್ಣಿ ಒಣಗಿ ಗೋಂದ ಆಗೇತಿ, ಅದರಾಗ ಎಲ್ಲಾ ಹಂಗ ಕುಂತಾವ, ಉಪ್ಪಿನಕಾಯ್ಯಾಗಿನ ಮಾವಿನಕಾಯಿ ಇದ್ದಂಗ. ಹುಣ್ಣಿವಿಗಿ ಇನ್ನ ಎಷ್ಟ ದಿನ ಐತಿ?’

‘ಹನ್ನೆರಡು,’ ಅಂದೆ.

‘ಸೀಮಿಎಣ್ಣಿ ತರ್ರಿ.’

ಇಲ್ಲಿಂದ ಮುಂದೆ ಇಂಜಿನ್ನನ್ನು ನಾನೇ ಬಿಚ್ಚಿ ಜೋಡಿಸಿದೆ ಎಂದು ಕಾಲೇಜಿನಲ್ಲಿ ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಟಾರ್ಚ್ ಹಿಡಿದೆ. ಬೋಲ್ಟು ಬಿಚ್ಚುವ ಹನ್ನೆರಡರ ಪಾನಾ ಕೇಳಿದಾಗ ಹದಿನಾಲ್ಕರದ್ದು ಕೊಟ್ಟೆ. ಬೋಲ್ಟುಗಳನ್ನು ತೊಳೆದು, ಅವ್ವನ ರೊಟ್ಟಿಯ ಬುಟ್ಟಿಯಲ್ಲಿ ಒಣಗಿಸಿದೆ; ಒಂದು ಬೋಲ್ಟು ರೊಟ್ಟಿಯ ಪೊಟ್ಟಣದಲ್ಲಿ ಸೇರಿ ಪುಣೆಗೆ ಹೋಯಿತು. ಅದು ವಾಪಸ್ಸು ಬಂದ ಕಥೆ ಬೇರೆ. ನಾಲ್ಕೂ ಬಾಯಿಗೆ ದಿನಾ ಸೀಮೆಎಣ್ಣೆ ಬಿಡುವುದು, ಬೆಳಿಗ್ಗೆ ಎದ್ದು ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ಅಲ್ಲಾಡಿಸುವುದು. ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಹ್ಯಾಂಡಲ್ ಒಂದು ಬೆರಳಿನಷ್ಟು ಸರಿಯಿತು. ಬರೇ ಒಂದು ಬೆರಳು. ಆ ಮಧ್ಯಾಹ್ನ ಅಜ್ಜ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡ. ಅವ್ವ ಹಾಕಿದಳು.

ಉಳಿದ ಸಾಮಾನು ಊರೂರಿನಿಂದ ಬಂತು. ರೇಡಿಯೇಟರಿನ ಪೈಪು ಅಪ್ಪನ ಅಂಗಡಿಯ ಔಷಧಿ ಹೊಡೆಯುವ ಪಂಪಿನದು. ಫ್ಯಾನಿನ ಬೆಲ್ಟು ಹಿಟ್ಟಿನ ಗಿರಣಿಯದು. ಬ್ಯಾಟರಿ ಟ್ರ್ಯಾಕ್ಟರಿನದು. ಕರೆಂಟು ಹಂಚುವ ಒಂದು ಕರಿ ಮುಚ್ಚಳ ಒಡೆದಿತ್ತು. ಅದಕ್ಕಾಗಿ ನಾನು ರಾಮದುರ್ಗಕ್ಕೆ ನಮ್ಮ ಸೋದರಮಾವನ ಹತ್ತಿರ ಹೋದೆ. ಅಲ್ಲಿ ಒಬ್ಬರ ಹಿತ್ತಲಲ್ಲಿ ಇದೇ ಜಾತಿಯ ಇನ್ನೊಂದು ಕಾರಿತ್ತು. ಅದರಲ್ಲಿ ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಡ್ರೈವರ್ ಸೀಟಿನಲ್ಲಿ ಕಾವು ಕೂತ ಕೋಳಿ ಕುರಿಯಷ್ಟು ದೊಡ್ಡದಿತ್ತು. ಆಯಿತು, ಕೋಳಿಯಷ್ಟೇ ದೊಡ್ಡದಿತ್ತು, ಆದರೆ ಸಿಟ್ಟು ಕುರಿಯಷ್ಟಿತ್ತು. ಮಾವ ಬಾನೆಟ್ ಎತ್ತಿದ, ನಾನು ಕೋಳಿಯ ಜೊತೆ ಮಾತುಕತೆ ನಡೆಸಿದೆ. ಮುಚ್ಚಳ ಸಿಕ್ಕಿತು. ಮೊಣಕೈಯ ಮೇಲೆ ಇನ್ನೂ ಗುರುತಿದೆ, ನೋಡಬೇಕೆಂದವರು ಬಂದು ನೋಡಬಹುದು.

ಹುಣ್ಣಿಮೆಗೆ ಮೂರು ದಿನ ಇರುವಾಗ ಎಲ್ಲವೂ ಕೂಡಿತು; ಚಕ್ರಕ್ಕೆ ಗಾಳಿ ತುಂಬಿ, ದಿಮ್ಮಿ ತೆಗೆದು ಕಾರನ್ನು ನೆಲಕ್ಕೆ ಇಳಿಸಿದೆವು. ಅವ್ವ ತನ್ನ ರೊಟ್ಟಿ ಹೆಂಗಸರ ಸಂಘದ ಮೀಟಿಂಗಿಗೆ ಸವದತ್ತಿಗೆ ಹೋಗಿದ್ದಳು. ಮಿಸ್ತ್ರಿ ಹ್ಯಾಂಡಲ್ ತಿರುವಿದ. ಕಾರು ಒಮ್ಮೆ ಕೆಮ್ಮಿತು. ಮತ್ತೊಮ್ಮೆ ತಿರುವಿದ. ಎರಡು ಸಲ ಕೆಮ್ಮಿತು, ಅಜ್ಜ ಕಾಳಜಿಯಿಂದ ‘ನೀರ ತರ್ಲೇನು?’ ಅಂದ. ಮೂರನೆಯ ಸಲಕ್ಕೆ ಗೋದಾಮೇ ಗುಡುಗಿತು. ಮೇಲಿನ ಹಂಚಿನ ಸಂದಿನಿಂದ ಇಪ್ಪತ್ತು ವರ್ಷದ ಹತ್ತಿಯ ಧೂಳು ಇಳಿದು ನಾವು ಮೂವರೂ ಬೆಳ್ಳಗಾದೆವು. ಹಿಂದಿನ ನಳಿಕೆಯಿಂದ ನೀಲಿ ಹೊಗೆ ಬಂತು. ಹೊಗೆಯ ಜೊತೆ ವಾಸನೆ ಬಂತು.

ಬಜಿ. ಮೆಣಸಿನಕಾಯಿ ಬಜಿ. ಆಗ ತಾನೇ ಬಾಂಡಲೆಯಿಂದ ತೆಗೆದದ್ದು.

ಕುಸುಬಿ ಎಣ್ಣೆ, ಅರಿಷಿಣ, ಅಜವಾನ: ಇವು ಮೂರೂ ಬಿಸಿಯಾದರೆ ಇನ್ನೇನು ವಾಸನೆ ಬರಬೇಕು, ನೀವೇ ಹೇಳಿ. ಹತ್ತು ನಿಮಿಷದಲ್ಲಿ ಓಣಿಯ ಮಂದಿಯೆಲ್ಲ ಗೋದಾಮಿನ ಬಾಗಿಲಲ್ಲಿದ್ದರು. ಇಬ್ಬರು ಮಕ್ಕಳು ಕೈಯಲ್ಲಿ ತಟ್ಟೆ ಹಿಡಿದಿದ್ದರು. ಕಣ್ಣು ಕಾಣದ ಒಬ್ಬ ಮುದುಕ ಕೋಲೂರಿಕೊಂಡು ನೇರ ಕಾರಿನ ಹಿಂಬದಿಗೆ ಬಂದು, ‘ಎರಡು ಪ್ಲೇಟ್ ಕಟ್ಟವ್ವಾ, ಮೆಣಸಿನಕಾಯಿ ಸಪ್ಪಂದು ಇರ್ಲಿ,’ ಅಂದ. ಆರು ನಾಯಿಗಳು ಬಂದವು. ಹತ್ತು ಅಂತ ಹೇಳೋಣ ಅಂದುಕೊಂಡಿದ್ದೆ, ಆದರೆ ಆರೇ.

ಇಂಜಿನ್ ಇಪ್ಪತ್ತು ನಿಮಿಷ ಓಡಿ ತಾನೇ ನಿಂತಿತು. ಸಂಜೆ ಅವ್ವ ಬಂದಳು. ನಾವು ಚಾಲೂ ಆದದ್ದನ್ನು ಮೂರು ಬಾಯಿಂದ ಹೇಳಿದೆವು. ತೋರಿಸಲು ಹೋದರೆ ಅದು ಉಸಿರೆತ್ತಲಿಲ್ಲ. ಅವ್ವ ಗಾಳಿ ಮೂಸಿದಳು.

‘ಬಜಿ ಮಾಡಿ ಎಲ್ಲಾ ನೀವ ತಿಂದ್ರಿ, ಹೌದಲ್ಲ?’

‘ಅವ್ವಾ, ಅದು ಇಂಜಿನ್ ವಾಸನಿ.’

‘ಹಾಂ. ನಾ ರೊಟ್ಟಿ ಮಾಡೇ ದೊಡ್ಡಾಕಿ ಆಗೇನಿ. ನನಗ ಇಂಜಿನ್ ಹೇಳಬ್ಯಾಡ.’ ಅಜ್ಜನ ಕಡೆ ತಿರುಗಿದಳು. ‘ಮಾಂವಾರ, ನಾ ಕಣ್ಣಾರೆ ನೋಡಿಲ್ಲ. ಹುಣ್ಣಿವಿ ದಿನ ನೋಡ್ತೇನಿ.’

ಅಂದರೆ ಇಪ್ಪತ್ತು ನಿಮಿಷದ ನಮ್ಮ ಗೆಲುವು ಲೆಕ್ಕಕ್ಕೇ ಬರಲಿಲ್ಲ.

ಹುಣ್ಣಿಮೆಯ ಸಂಜೆ. ನಮ್ಮೂರಲ್ಲಿ ಕರಿ ಹರಿಯುವುದು ಅಂತ ಇದೆ. ಊರ ಅಗಸಿ ಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಪೋಣಿಸಿದ ಹಗ್ಗ ಕಟ್ಟುತ್ತಾರೆ. ಬಣ್ಣ ಹಚ್ಚಿದ ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಆ ವರ್ಷ ಬಿಳಿ ಬೆಳೆ: ಜೋಳ, ಹತ್ತಿ. ಕೆಂದೆತ್ತು ಹರಿದರೆ ಕೆಂಪು ಬೆಳೆ: ಗೋಧಿ, ತೊಗರಿ. ನಮ್ಮ ಗೋದಾಮಿನ ಬಾಗಿಲು ತೆರೆಯುವುದು ಆ ಅಗಸಿಗೆ ಇಳಿಯುವ ರಸ್ತೆಗೆ. ಎತ್ತುಗಳೆಲ್ಲ ಮೇಲೆ ದೂರದಲ್ಲಿ, ಗುಡಿಯ ಮುಂದೆ ನಿಂತಿದ್ದವು. ಅವ್ವ ಇನ್ನೂ ಒಳಗೆ ಹೋಳಿಗೆಯ ಕೊನೆಯ ಹಂಚು ಇಳಿಸುತ್ತಿದ್ದಳು.

ಅಜ್ಜ ರುಮಾಲು ಸುತ್ತಿ ಹಿಂದಿನ ಸೀಟಿನಲ್ಲಿ ಕೂತ. ಕಾರನ್ನು ಹೊರಗೆ ತರಬೇಕಾದವನು ಮಿಸ್ತ್ರಿ. ಆದರೆ ಮಿಸ್ತ್ರಿ ಮುಂದೆ ನಿಂತು ಹ್ಯಾಂಡಲ್ ತಿರುವಬೇಕು; ಚಾಲೂ ಆದಾಗ ಒಳಗೆ ಒಬ್ಬರು ಎಕ್ಸಿಲೇಟರ್ ಒತ್ತಬೇಕು. ‘ಬರೇ ಒತ್ತಿ ಹಿಡಿ. ಬ್ಯಾರೆ ಏನೂ ಮುಟ್ಟಬ್ಯಾಡ,’ ಅಂತ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂಡಿಸಿದ. ನಾನು ಬೇರೆ ಏನೂ ಮುಟ್ಟಲಿಲ್ಲ. ಒಂದು ಕೋಲು ಸ್ವಲ್ಪ ಸಡಿಲ ಇದೆ ಅನ್ನಿಸಿ ನೆಟ್ಟಗೆ ಮಾಡಿದೆ, ಅಷ್ಟೇ. ಅದು ಗೇರು.

ಮಿಸ್ತ್ರಿ ತಿರುವಿದ. ಇಂಜಿನ್ ಗುಡುಗಿತು. ಕಾರು ಕಪ್ಪೆಯ ಹಾಗೆ ಹಾರಿತು. ಮಿಸ್ತ್ರಿ ಹತ್ತಿಯ ಅಂಡಿಗೆಗಳ ಮೇಲೆ ಹಾರಿದ. ನಾವು ಗೋದಾಮಿನಿಂದ ಹೊರಗೆ ಬಂದೆವು, ಯಾರೂ ನೂಕಲಿಲ್ಲ; ಅಷ್ಟು ಮಂದಿ ಸಾಕ್ಷಿ. ಹೊರಗೆ ಬಂದದ್ದು ಸರಿಯಾಯಿತು. ಅಲ್ಲಿಗೆ ನಿಲ್ಲಬೇಕಿತ್ತು. ಬ್ರೇಕ್ ಒತ್ತಿದರೆ ಅದು ನನ್ನ ಕಾಲಿನ ಜೊತೆ ಪ್ರೀತಿಯಿಂದ ಕೆಳಗೆ ಬಂತು, ಕಾರು ಮುಂದೆ ಹೋಯಿತು.

ಇಳಿಜಾರಿನಲ್ಲಿ ನಾನು ಎಂಬತ್ತರ ವೇಗದಲ್ಲಿದ್ದೆ. ಗಾಳಿ ಸೀಳಿಕೊಂಡು ಹೋಗುತ್ತಿತ್ತು. ಮಿಸ್ತ್ರಿ ಕಾರಿನ ಪಕ್ಕದಲ್ಲಿ ನಡೆಯುತ್ತ ಬಂದು ಕಿಟಕಿಯಲ್ಲಿ ಬಗ್ಗಿ, ‘ಕಾಲ ತಗಿ ಯವ್ವಾ, ಎಕ್ಸಿಲೇಟರ್ ಮ್ಯಾಲಿನ ಕಾಲ ತಗಿ,’ ಅಂದ. ಹೌದು, ನಡೆಯುತ್ತ. ಅದು ಹೇಗೆ ಸಾಧ್ಯ ಎಂದು ನನ್ನನ್ನು ಕೇಳಬೇಡಿ. ಅಜ್ಜ ಹಿಂದಿನಿಂದ ಎರಡೂ ಬದಿಯ ಮಂದಿಗೆ ಕೈಮುಗಿಯುತ್ತಿದ್ದ.

‘ಅಜ್ಜಾ, ಬ್ರೇಕ್ ಇಲ್ಲ.’

‘ಇಲ್ದಿದ್ರ ಇಲ್ಲ ಬಿಡು. ಅವಸರ ಏನೈತಿ?’

ಹಗ್ಗ ಬಂತು. ಬಾನೆಟ್ಟಿಗೆ ತಾಗಿ ಬಿಗಿಯಿತು, ಬೇವಿನ ಸೊಪ್ಪು ಗಾಜಿನ ತುಂಬ ಹರಡಿತು, ನನಗೆ ಏನೂ ಕಾಣದಾಯಿತು. ಆಮೇಲೆ ಹಗ್ಗ ಪಟ್ಟನೆ ಹರಿಯಿತು. ಒಂದು ಕೊಬ್ಬರಿ ಬಟ್ಟಲು ಕಿಟಕಿಯಿಂದ ಬಂದು ಅಜ್ಜನ ಮಡಿಲಲ್ಲಿ ಬಿತ್ತು. ಅಗಸಿಯಾಚೆಯ ಮರಳಿನ ಗುಪ್ಪೆಗೆ ಮೂತಿ ಇಟ್ಟು ಕಾರು ನಿಂತಿತು. ಇಂಜಿನ್ ಇನ್ನೂ ಓಡುತ್ತಿತ್ತು. ಬಜಿಯ ವಾಸನೆ ಊರ ಹೊರಗೆಲ್ಲ ಹಬ್ಬಿತು.

ಮೇಲೆ ಎತ್ತುಗಳು ಇನ್ನೂ ನಿಂತೇ ಇದ್ದವು. ಹಿರಿಯರು ಕಾರನ್ನು ಸುತ್ತುವರಿದರು. ನನಗೆ ಪೆಟ್ಟಾಯಿತೇ ಎಂದು ಒಬ್ಬರೂ ಕೇಳಲಿಲ್ಲ.

‘ಮ್ಯಾಲೆ ಬಿಳಿ ಐತಿ. ಈ ವರ್ಷ ಜ್ವಾಳ ಬಿತ್ತ್ರಿ.’

‘ಹಗ್ಗ ತಾಗಿದ್ದು ಎಲ್ಲಿ? ಕೆಳಗ. ಕೆಳಗ ಕೆಂಪ ಐತಿ. ತೊಗರಿ.’

‘ಲೇ, ಬಾನೆಟ್ ನೋಡೋ, ಅಲ್ಲಿ ಎರಡೂ ಬಣ್ಣ ಕೂಡ್ತಾವ.’

‘ಹಂಗಾರ ಅಕ್ಕಡಿ ಬಿತ್ತೂದು. ಎರಡು ಸಾಲ ಇದು, ಎರಡು ಸಾಲ ಅದು.’

ಕಣ್ಣು ಕಾಣದ ಆ ಮುದುಕ ಹಿಂದಿನಿಂದ ಮೂಗು ಎತ್ತಿ, ‘ಬಣ್ಣ ಬಿಡ್ರ್ಯೋ. ವಾಸನಿ ನೋಡ್ರಿ. ಈ ವರ್ಷ ಕಡ್ಲಿ,’ ಅಂದ. ಮಂದಿ ಅದರಲ್ಲೂ ಅರ್ಥ ಇದೆ ಎಂದು ತಲೆ ಆಡಿಸಿದರು. ನಮ್ಮಪ್ಪನೂ ಆಡಿಸಿದ. ನಾನು ಕಿಟಕಿಯ ಮೇಲೆ ಮೊಣಕೈ ಇಟ್ಟು, ಇಷ್ಟಕ್ಕೆಲ್ಲ ಕಾರಣಳಾದವಳು ಹೇಗೆ ಕೂರಬೇಕೋ ಹಾಗೆ ಕೂತೆ. ಯಾರೋ ಫೋಟೋ ತೆಗೆದರು. ಮಿಸ್ತ್ರಿ ಅವರಿಗೆ ಗೊಟ್ಟದ ಕಥೆ ಶುರು ಮಾಡಿದ. ಅಜ್ಜ ಕೊಬ್ಬರಿ ಮುರಿದು ಹಂಚುತ್ತಿದ್ದ.

ಆಗ ಮಂದಿ ಎರಡು ಪಾಲಾಗಿ ದಾರಿ ಬಿಟ್ಟಿತು. ಅವ್ವ ಬಂದಳು.

ಮೊಣಕೈತನಕ ಹಿಟ್ಟು. ಕೈಯಲ್ಲಿ ಹೋಳಿಗೆ ಮಗುಚುವ ಸಟ್ಟುಗ. ಕಾರಿನ ಸುತ್ತ ಒಂದು ಸುತ್ತು ಬಂದಳು. ಹಿಂದಿನ ನಳಿಕೆಯ ಹತ್ತಿರ ಬಗ್ಗಿ ಮೂಸಿದಳು. ಒಂದು ಕ್ಷಣ ಅವಳ ಮುಖದಲ್ಲಿ ಏನೋ ಆಗಿ ಹೋಯಿತು; ನಗು ಎಂದು ನಾನು ಆಣೆ ಮಾಡಿ ಹೇಳಲಾರೆ. ಆಮೇಲೆ ಹಿಂದಿನ ಕಿಟಕಿಗೆ ಬಂದು ಬಹಳ ಮೆಲ್ಲಗೆ ಕೇಳಿದಳು.

‘ಮಾಂವಾರ, ಯಾರರ ನೂಕಿದ್ರೇನು?’

‘ಇಲ್ಲವ್ವಾ. ತಾನ ಬಂತು.’

‘ಹೌದು, ಗ್ವಾದಾಮಿನ್ಯಾಗಿಂದ ಬರೂದು ಅಡಗಿಮನಿ ಕಿಡಕ್ಯಾಗಿಂದ ನಾನೂ ನೋಡ್ದೆ. ಮಾತಂದ್ರ ಮಾತು. ಗಾಡಿ ಅಂಗಳದಾಗ ಇರ್ಲಿ. ಮೋಡಕಾದವಗ ಬರಬ್ಯಾಡ ಅಂತ ಹೇಳ್ತೇನಿ.’

ಅಜ್ಜ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಹೊಗೆ ಬಹಳ ಆಯಿತು ಅನ್ನುವಂತೆ ಕೈ ಬೀಸಿದ. ಅವ್ವ ಹಿರಿಯರ ಕಡೆ ತಿರುಗಿದಳು. ‘ಕಾಕಾರ, ಇದು ಎತ್ತಲ್ಲ. ಬ್ಯಾರೆ ಹಗ್ಗ ಕಟ್ರಿ, ಎತ್ತು ಬಿಡ್ರಿ.’ ಜೋಳ, ತೊಗರಿ, ಕಡಲೆ ಎಲ್ಲ ಅಲ್ಲಿಗೆ ಮುಗಿಯಿತು. ಹಿರಿಯರು ಹಗ್ಗ ಹುಡುಕಲು ಹೋದರು. ಫೋಟೋ ತೆಗೆಯುತ್ತಿದ್ದವನು ಫೋನ್ ಜೇಬಿಗೆ ಹಾಕಿಕೊಂಡ. ಆಮೇಲೆ ಅವ್ವ ಮುಂದಿನ ಕಿಟಕಿಗೆ ಬಂದಳು. ಕೈ ಒಳಗೆ ಹಾಕಿ ಕೀಲಿ ತಿರುವಿದಳು. ಇಂಜಿನ್ ನಿಂತಿತು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

‘ನಿನಗ ವಯಸ್ಸೆಷ್ಟು?’

‘ಹದಿನಾರು.’

‘ಲೈಸೆನ್ಸು?’

‘ಅವ್ವಾ, ನಾ ಹೊಡದಿಲ್ಲ, ಅದು ತಾನ…’

‘ಇಳಿ.’

ಇಳಿಯುತ್ತಿದ್ದೆ. ಆದರೆ ಆ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ಎರಡು ಸಲ ಎಳೆದೆ, ಒಮ್ಮೆ ಭುಜ ಕೊಟ್ಟೆ. ಅವ್ವ ಹೊರಗಿನಿಂದ ತೆರೆಯಬಹುದಿತ್ತು, ತೆರೆಯಲಿಲ್ಲ. ಕಾಯುತ್ತ ನಿಂತಳು. ಕೊನೆಗೆ ಊರಿನ ಅಷ್ಟೂ ಮಂದಿ, ಆರೂ ನಾಯಿಗಳು ನೋಡುತ್ತಿರುವಾಗ, ನಾನು ತಲೆ ಮುಂದೆ ಮಾಡಿ ಕಿಟಕಿಯಿಂದ ಹೊರಬಂದೆ.